ನೂಟ್ ರಾಕ್ನಿ

ನೂಟ್ ರಾಕ್ನಿ (4 ಮಾರ್ಚ್ 1888 – 31 ಮಾರ್ಚ್ 1931) ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹೆಸರಾಂತ ಆಟಗಾರರು ಮತ್ತು ತರಬೇತುದಾರರು. ನಾರ್ವೆ ದೇಶದಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ವಲಸೆ ಬಂದ ಇವರು ಇಂಡಿಯಾನಾ ರಾಜ್ಯದ ನಾಟರ್ ಡೇಮ್ ವಿಶ್ವವಿದ್ಯಾನಿಲಯದ ತಂಡದಲ್ಲಿ 1911ರಿಂದ 1913ರವರೆಗೆ 'ಎಂಡ್' ಸ್ಥಾನದಲ್ಲಿ ಆಡಿದರು. ಇಂದಿನ 'ಟೈಟ್ ಎಂಡ್' ಸ್ಥಾನದ ಪೂರ್ವರೂಪ ಇದೇ. 1918ರಿಂದ 1930ರವರೆಗೆ ಅದೇ ವಿಶ್ವವಿದ್ಯಾನಿಲಯದ ಮುಖ್ಯ ತರಬೇತುದಾರರಾಗಿದ್ದು, 105 ಪಂದ್ಯಗಳಲ್ಲಿ ಜಯ, 12ರಲ್ಲಿ ಸೋಲು, 5ರಲ್ಲಿ ಸಮಬಲ ಎಂಬ ಅಪೂರ್ವ ದಾಖಲೆಯನ್ನು ಉಳಿಸಿಹೋದರು.

ತರಬೇತುದಾರರಾಗಿ ಪಡೆದ ಕೀರ್ತಿಯ ಕಾರಣದಿಂದ ರಾಕ್ನಿಯವರ ಆಟಗಾರ ಜೀವನವು ಬಹುಮಟ್ಟಿಗೆ ಒಂದೇ ಪಂದ್ಯದ ದಂತಕಥೆಯಾಗಿ ಉಳಿದಿದೆ. ಚೆಂಡನ್ನು ಮುಂದಕ್ಕೆ ಎಸೆಯುವ 'ಫಾರ್ವರ್ಡ್ ಪಾಸ್' ತಂತ್ರವನ್ನು ಅವರೇ ಕಂಡುಹಿಡಿದರೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಅವರ ಕೊಡುಗೆ ಎಸೆತದಲ್ಲಿಲ್ಲ, ಹಿಡಿತದಲ್ಲಿದೆ. ಪೂರ್ಣ ವೇಗದಲ್ಲಿ ಓಡುತ್ತಲೇ ಚೆಂಡನ್ನು ಕೈಗಳಲ್ಲಿ ಹಿಡಿಯುವ ಕಲೆಯನ್ನು ಅಭ್ಯಾಸದಿಂದ ಸಾಧಿಸಿ, ದೊಡ್ಡ ಪಂದ್ಯವೊಂದರಲ್ಲಿ ಅದರ ಬೆಲೆಯನ್ನು ತೋರಿಸಿಕೊಟ್ಟವರು ಅವರು.

ಬಾಲ್ಯ ಮತ್ತು ವಲಸೆ

ರಾಕ್ನಿ ಹುಟ್ಟಿದ್ದು ನಾರ್ವೆಯ ಪಶ್ಚಿಮ ಭಾಗದಲ್ಲಿ ಗುಡ್ಡ ಮತ್ತು ಸರೋವರಗಳ ನಡುವೆ ಇರುವ ವೊಸ್ ಎಂಬ ಊರಿನಲ್ಲಿ. ಜನ್ಮನಾಮ ಕ್ನೂಟ್ ಲಾರ್ಸೆನ್ ರೋಕ್ನೆ. ಅಮೆರಿಕನ್ನರ ನಾಲಿಗೆಯಲ್ಲಿ ಅದು ನೂಟ್ ರಾಕ್ನಿ ಆಯಿತು. ತಂದೆ ಲಾರ್ಸ್ ಕಮ್ಮಾರಿಕೆ ಮತ್ತು ಗಾಡಿ ತಯಾರಿಕೆಯಲ್ಲಿ ನುರಿತವರು, ತಾಯಿ ಮಾರ್ಥಾ. ತಂದೆ ಮೊದಲು ಒಬ್ಬರೇ ಷಿಕಾಗೋ ನಗರಕ್ಕೆ ಬಂದರು. ತಾವು ನಿರ್ಮಿಸಿದ ಕುದುರೆಗಾಡಿಯನ್ನು ಅಲ್ಲಿನ ವಿಶ್ವ ವಸ್ತುಪ್ರದರ್ಶನದಲ್ಲಿ ಇಡುವುದು ಅವರ ಆಸೆಯಾಗಿತ್ತು. 1893ರಲ್ಲಿ ತಾಯಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬಂದಾಗ ನೂಟ್ ಅವರಿಗೆ ಐದು ವರ್ಷ. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವು ನಡೆದದ್ದು ಇದೇ ಪ್ರದರ್ಶನದ ಅಂಗವಾಗಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎಂಬುದನ್ನು ನಮ್ಮ ಓದುಗರು ನೆನೆಯಬಹುದು.

ಷಿಕಾಗೋದ ಲೋಗನ್ ಸ್ಕ್ವೇರ್ ಬಡಾವಣೆಯಲ್ಲಿ ಕುಟುಂಬ ನೆಲೆಸಿತು. ವಲಸಿಗರ ಮಕ್ಕಳು ಖಾಲಿ ನಿವೇಶನಗಳಲ್ಲಿ ಆಡುತ್ತಿದ್ದ ಒರಟು ಆಟಗಳಲ್ಲಿಯೇ ಹುಡುಗನಿಗೆ ಫುಟ್‌ಬಾಲ್‌ನ ಪರಿಚಯವಾಯಿತು. ಪ್ರೌಢಶಾಲೆಯಲ್ಲಿ ಓಟ ಮತ್ತು ಕೋಲು ಜಿಗಿತದ ಕಡೆಗೆ ಒಲವು ಹೆಚ್ಚಾಗಿ ವಿದ್ಯಾಭ್ಯಾಸ ಅರ್ಧಕ್ಕೆ ನಿಂತಿತು. ಮುಂದೆ ಷಿಕಾಗೋದ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ವಿಂಗಡಿಸಿ ರವಾನಿಸುವ ಕೆಲಸಕ್ಕೆ ಸೇರಿದರು. ಸಂಬಳದಲ್ಲಿ ಉಳಿಸಿದ ಹಣವೇ ಅವರ ಕಾಲೇಜು ಶಿಕ್ಷಣದ ಮೂಲಧನವಾಯಿತು.

ನಾಟರ್ ಡೇಮ್‌ನಲ್ಲಿ

1910ರಲ್ಲಿ ನಾಟರ್ ಡೇಮ್‌ಗೆ ಸೇರಿದಾಗ ರಾಕ್ನಿಯವರಿಗೆ 22 ವರ್ಷ. ಸಹಪಾಠಿಗಳಲ್ಲಿ ಹೆಚ್ಚಿನವರು ಅವರಿಗಿಂತ ಮೂರು ನಾಲ್ಕು ವರ್ಷ ಚಿಕ್ಕವರು. ತಲೆಗೂದಲು ಆಗಲೇ ತೆಳುವಾಗತೊಡಗಿತ್ತು. ಷಿಕಾಗೋದ ಇಬ್ಬರು ಗೆಳೆಯರು ಅಲ್ಲಿಗೆ ಹೊರಟಿದ್ದುದು ಮತ್ತು ಖರ್ಚು ಕಡಿಮೆ ಎಂಬುದು, ಇವೆರಡೇ ಈ ಆಯ್ಕೆಗೆ ಕಾರಣ. ಅದು ಕ್ಯಾಥೊಲಿಕ್ ಪಾದ್ರಿಗಳು ನಡೆಸುತ್ತಿದ್ದ ಸಂಸ್ಥೆ, ರಾಕ್ನಿ ಲೂಥರನ್ ಪಂಥದವರು. ಆದರೂ ಅವರಿಗೆ ಅಲ್ಲಿ ಯಾವ ತೊಡಕೂ ಆಗಲಿಲ್ಲ. ಬಹುಕಾಲದ ನಂತರ, 1925ರ ನವೆಂಬರ್‌ನಲ್ಲಿ, ಅವರು ಕ್ಯಾಥೊಲಿಕ್ ಪಂಥವನ್ನು ಸ್ವೀಕರಿಸಿದರು.

ನಾಟರ್ ಡೇಮ್ ಇರುವುದು ಸೌತ್ ಬೆಂಡ್ ನಗರದ ಅಂಚಿನಲ್ಲಿ. ಆ ಕಾಲದ ಸೌತ್ ಬೆಂಡ್ ಎಂದರೆ ಸ್ಟುಡಿಬೇಕರ್ ಗಾಡಿ ಮತ್ತು ಮೋಟಾರು ಕಾರ್ಖಾನೆಯ ಊರು. ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಓಲ್ಡ್ ಟೌನ್, ನ್ಯೂ ಟೌನ್ ಎಂದು ಎರಡಾಗಿ ಬೆಳೆದ ನಮ್ಮ ಭದ್ರಾವತಿಯನ್ನು ಬಲ್ಲವರಿಗೆ, ಕಾರ್ಖಾನೆಯ ಸೈರನ್ನಿಗೆ ಎದ್ದು ಮಲಗುವ ಅಂತಹ ಊರಿನ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆ ಊರಿನ ದುಡಿಯುವ ವಲಸಿಗರು ಮುಂದೆ ರಾಕ್ನಿಯವರ ತಂಡವನ್ನು ತಮ್ಮದೆಂದೇ ಭಾವಿಸಿದರು.

ಖರ್ಚಿಗಾಗಿ ರಾಕ್ನಿ ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ಗುಡಿಸಿ ತೊಳೆಯುವ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಅದೇ ವಿಭಾಗದ ಮೆಚ್ಚಿನ ವಿದ್ಯಾರ್ಥಿಯಾಗಿ ಬೆಳೆದು, 1914ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದು ಅಲ್ಲಿಯೇ ಬೋಧಕ ಸಹಾಯಕರಾದರು. ಅವರ ಗುರುಗಳಲ್ಲಿ ಒಬ್ಬರಾದ ಪಾದ್ರಿ ಜೂಲಿಯಸ್ ನ್ಯೂಲ್ಯಾಂಡ್ ಅಸಿಟಲೀನ್ ಅನಿಲದ ಮೇಲೆ ನಡೆಸಿದ ಸಂಶೋಧನೆಯೇ ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ತಯಾರಿಕೆಗೆ ದಾರಿಮಾಡಿತು. ವಿದ್ಯಾರ್ಥಿ ನಾಟಕಗಳಲ್ಲಿ ಪಾತ್ರ ವಹಿಸುವುದು, ಕೊಳಲು ನುಡಿಸುವುದು, ಕೋಲು ಜಿಗಿತ ಇವೆಲ್ಲವೂ ರಾಕ್ನಿಯವರಿಗೆ ಇತ್ತು. ಆಟಗಾರನೆಂದರೆ ಓದಿನಲ್ಲಿ ಹಿಂದುಳಿದವನು ಎಂಬ ಸಾಮಾನ್ಯ ಅಭಿಪ್ರಾಯಕ್ಕೆ ಇವರ ಕಾಲೇಜು ಜೀವನ ಒಪ್ಪುವುದಿಲ್ಲ.

'ಎಂಡ್' ಎಂಬ ಸ್ಥಾನ

ಅಮೆರಿಕನ್ ಫುಟ್‌ಬಾಲ್ ನಾವು ಭಾರತದಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವಲ್ಲ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಪ್ರತಿ ತಂಡದಲ್ಲಿ 11 ಮಂದಿ. ಚೆಂಡನ್ನು ಹೊಂದಿರುವ ತಂಡವು ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಎದುರಾಳಿಯ ಗಡಿರೇಖೆಯನ್ನು ಚೆಂಡಿನೊಂದಿಗೆ ದಾಟಿದರೆ 'ಟಚ್‌ಡೌನ್'. ಅದಕ್ಕೆ ಆರು ಅಂಕ.

ಪ್ರತಿ ಯತ್ನದ ಆರಂಭದಲ್ಲಿ ದಾಳಿಯ ತಂಡದ ಏಳು ಮಂದಿ ಒಂದು ಸಾಲಿನಲ್ಲಿ ಬಾಗಿ ನಿಲ್ಲುತ್ತಾರೆ. ಈ ಸಾಲಿನ ಎರಡು ತುದಿಗಳಲ್ಲಿ ನಿಲ್ಲುವವರೇ 'ಎಂಡ್'ಗಳು. ಸಾಲಿನ ಉಳಿದ ಐವರ ಕೆಲಸ ಎದುರಾಳಿಗಳನ್ನು ಅಡ್ಡಗಟ್ಟುವುದು ಮಾತ್ರ, ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಅವರಿಗಿಲ್ಲ. ಎಂಡ್‌ಗೆ ಎರಡೂ ಕೆಲಸ ಉಂಟು. ಒಂದು ಯತ್ನದಲ್ಲಿ ಎದೆಕೊಟ್ಟು ಅಡ್ಡಗಟ್ಟಬೇಕು, ಮುಂದಿನ ಯತ್ನದಲ್ಲಿ ಸಾಲಿನಿಂದ ಜಾರಿ ಓಡಿಹೋಗಿ ಚೆಂಡನ್ನು ಹಿಡಿಯಬೇಕು. ತನ್ನ ಸಾಲಿಗೆ ಒತ್ತಿಕೊಂಡು ನಿಂತು ಈ ಎರಡು ಕೆಲಸಗಳನ್ನೂ ಮಾಡುವ ಆಟಗಾರನಿಗೆ ಮುಂದಿನ ಪೀಳಿಗೆಯಲ್ಲಿ 'ಟೈಟ್ ಎಂಡ್' ಎಂಬ ಹೆಸರು ಬಂದಿತು. ಸಾಲಿನಿಂದ ದೂರ ಸರಿದು ನಿಲ್ಲುವ ಎಂಡ್ ಕೇವಲ ಚೆಂಡು ಹಿಡಿಯುವವನಾದನು. ರಾಕ್ನಿಯವರ ಕಾಲದಲ್ಲಿ ಈ ಬೇರ್ಪಾಡು ಇನ್ನೂ ಆಗಿರಲಿಲ್ಲ. ಅಷ್ಟೇ ಅಲ್ಲ, ದಾಳಿ ಮತ್ತು ರಕ್ಷಣೆ ಎರಡನ್ನೂ ಅದೇ 11 ಮಂದಿ ಆಡಬೇಕಾಗಿತ್ತು. ಎಂಡ್ ಆದವನಿಗೆ ವಿಶ್ರಾಂತಿಯೇ ಇರಲಿಲ್ಲ.

ರಾಕ್ನಿಯವರ ಎತ್ತರ ಸುಮಾರು 5 ಅಡಿ 8 ಅಂಗುಲ, ತೂಕ 165 ಪೌಂಡಿನ ಆಸುಪಾಸು, ಎಂದರೆ ಸುಮಾರು 75 ಕಿಲೋ. ಆ ಕಾಲಕ್ಕೂ ಸಾಲಿನ ಆಟಗಾರನಿಗೆ ಇದು ಚಿಕ್ಕ ಮೈಕಟ್ಟು. ಇಂದಿನ ಕಾಲೇಜು ಟೈಟ್ ಎಂಡ್‌ಗಳು ಸಾಮಾನ್ಯವಾಗಿ ಆರು ಅಡಿಗಿಂತ ಎತ್ತರ, 100 ಕಿಲೋಗಿಂತ ಹೆಚ್ಚು ತೂಕದವರು. ಅಡ್ಡಗಟ್ಟುವಾಗ ಮೈಬಲದ ಕೊರತೆಯನ್ನು ವೇಗದಿಂದಲೂ ನಿಲುವಿನ ಕೋನದಿಂದಲೂ ತುಂಬಿಕೊಳ್ಳುವುದನ್ನು ಅವರು ಕಲಿತರು. ತರಬೇತುದಾರರಾದ ಮೇಲೆ ತಮ್ಮ ಆಟಗಾರರಿಗೆ ಕಲಿಸಿದ್ದೂ ಇದನ್ನೇ.

ಮುಂದೆಸೆತದ ನಿಯಮ

1905ರವರೆಗೆ ಚೆಂಡನ್ನು ಮುಂದಕ್ಕೆ ಎಸೆಯುವುದು ನಿಷಿದ್ಧವಾಗಿತ್ತು. ಇಡೀ ತಂಡ ಒಂದು ಮುದ್ದೆಯಂತೆ ಕೂಡಿಕೊಂಡು ಎದುರಾಳಿಯ ಮೇಲೆ ನುಗ್ಗುವುದೇ ಆಟವಾಗಿತ್ತು. ಗಂಭೀರ ಗಾಯಗಳು ಮಾತ್ರವಲ್ಲ, ಸಾವುಗಳೂ ಆಗುತ್ತಿದ್ದವು. ಆ ಒಂದು ವರ್ಷದಲ್ಲಿ 18 ಆಟಗಾರರು ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕಹಾಕಿದವು. ಹಲವು ಕಾಲೇಜುಗಳು ಆಟವನ್ನೇ ಕೈಬಿಡುವ ಯೋಚನೆಯಲ್ಲಿದ್ದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ವಿಶ್ವವಿದ್ಯಾನಿಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಒತ್ತಾಯಿಸಿದರು. ಮೈದಾನದ ತುಂಬ ಆಟಗಾರರು ಹರಡಿಕೊಂಡರೆ ಜಜ್ಜಾಟ ಕಡಿಮೆಯಾದೀತು ಎಂಬ ವಿಚಾರದಿಂದ 1906ರಲ್ಲಿ ಫಾರ್ವರ್ಡ್ ಪಾಸ್‌ಗೆ ಅನುಮತಿ ದೊರೆಯಿತು. ಪ್ರಾಣ ಉಳಿಸಲು ಬಂದ ನಿಯಮ ಇದು ಎಂಬುದನ್ನು ಮರೆಯಬಾರದು.

ಅದೇ ವರ್ಷದ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯದ ಬ್ರಾಡ್‌ಬರಿ ರಾಬಿನ್ಸನ್ ನಿಯಮಬದ್ಧವಾದ ಮೊದಲ ಪಾಸ್ ಎಸೆದರು. ಅವರ ತರಬೇತುದಾರ ಎಡ್ಡಿ ಕೋಚೆಮ್ಸ್ ಆ ಇಡೀ ಋತುವಿನಲ್ಲಿ ಈ ತಂತ್ರವನ್ನು ಧಾರಾಳವಾಗಿ ಬಳಸಿದರು. ರಾಕ್ನಿ ಆಗ ಷಿಕಾಗೋದಲ್ಲಿದ್ದರು, ಕಾಲೇಜಿನ ಮೆಟ್ಟಿಲು ಹತ್ತಲು ಇನ್ನೂ ನಾಲ್ಕು ವರ್ಷಗಳಿದ್ದವು. ಕೋಚೆಮ್ಸ್ ತಮಗಿಂತ ಮೊದಲಿಗರೆಂಬುದನ್ನು ಸ್ವತಃ ರಾಕ್ನಿ ತಮ್ಮ ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಸಿನಿಮಾ ಮತ್ತು ಪತ್ರಿಕೆಗಳು ಬಿತ್ತಿದ ಕಥೆ ಬೇರುಬಿಟ್ಟಿದೆ.

ಆರಂಭದಲ್ಲಿ ಈ ತಂತ್ರಕ್ಕೆ ಕಟ್ಟುಪಾಡುಗಳು ಬಹಳ ಇದ್ದವು. ಪಾಸ್ ವಿಫಲವಾದರೆ ದಂಡ ತೆರಬೇಕಾಗಿತ್ತು, 20 ಗಜಗಳಿಗಿಂತ ದೂರ ಎಸೆಯುವಂತಿರಲಿಲ್ಲ, ಚೆಂಡೂ ದಪ್ಪಗಿತ್ತು. 1912ರ ತಿದ್ದುಪಡಿಯಲ್ಲಿ ದೂರದ ಮಿತಿ ಹೋಯಿತು, ಚೆಂಡು ತುಸು ತೆಳುವಾಗಿ ಎಸೆಯಲು ಅನುಕೂಲವಾಯಿತು. ಪೂರ್ವದ ಹಳೆಯ, ಪ್ರತಿಷ್ಠಿತ ಕಾಲೇಜುಗಳು ಮಾತ್ರ ಈ ಹೊಸತನ್ನು ಅನುಮಾನದಿಂದಲೇ ಕಾಣುತ್ತಿದ್ದವು.

ಸೀಡರ್ ಪಾಯಿಂಟ್‌ನ ಬೇಸಿಗೆ

1913ರ ಬೇಸಿಗೆ ರಜೆಯಲ್ಲಿ ರಾಕ್ನಿ ಮತ್ತು ತಂಡದ ಕ್ವಾರ್ಟರ್‌ಬ್ಯಾಕ್ ಗಸ್ ಡೊರೇ ಓಹಾಯೋ ರಾಜ್ಯದ ಈರಿ ಸರೋವರದ ದಂಡೆಯಲ್ಲಿರುವ ಸೀಡರ್ ಪಾಯಿಂಟ್ ಎಂಬ ವಿಹಾರಧಾಮದಲ್ಲಿ ಕೆಲಸಕ್ಕೆ ಸೇರಿದರು. ಹೋಗುವಾಗ ಒಂದು ಚೆಂಡನ್ನೂ ಕೊಂಡೊಯ್ದರು. ದುಡಿಮೆಯ ನಡುವೆ ಸಿಕ್ಕ ಬಿಡುವಿನಲ್ಲಿ ಮರಳಿನ ದಂಡೆಯಲ್ಲಿ ಡೊರೇ ಎಸೆಯುವುದು, ರಾಕ್ನಿ ಹಿಡಿಯುವುದು. ಬೇಸಿಗೆ ಪೂರ್ತಿ ಇದೇ ನಡೆಯಿತು.

ಅಲ್ಲಿಯವರೆಗೆ ಚೆಂಡು ಹಿಡಿಯುವವನು ಒಂದೆಡೆ ನಿಂತು, ಬಂದ ಚೆಂಡನ್ನು ಹೊಟ್ಟೆಗೋ ಎದೆಗೋ ಅವುಚಿಕೊಳ್ಳುವುದು ವಾಡಿಕೆಯಾಗಿತ್ತು. ಹಾಗೆ ನಿಂತವನನ್ನು ಹಿಡಿದು ಕೆಡಹುವುದು ಎದುರಾಳಿಗೆ ಸುಲಭ. ರಾಕ್ನಿ ಅಭ್ಯಾಸ ಮಾಡಿದ್ದು ಬೇರೆ. ಬೆರಳುಗಳನ್ನು ಬಿಗಿಗೊಳಿಸದೆ, ಚೆಂಡು ತಾಗಿದ ಕ್ಷಣ ಕೈಗಳನ್ನು ಅದರೊಂದಿಗೇ ಹಿಂದಕ್ಕೆ ಬಿಟ್ಟು, ಓಟದ ಲಯ ಕೆಡದಂತೆ ಅದನ್ನು ಬಳಿಗೆ ಸೆಳೆದುಕೊಳ್ಳುವುದು. ಕ್ರಿಕೆಟ್ ಬಲ್ಲವರಿಗೆ ಹೀಗೆ ಹೇಳಬಹುದು: ಮೇಲೇರಿದ ಚೆಂಡಿನ ಕೆಳಗೆ ನಿಂತು ಕಾಯುವ ಕ್ಷೇತ್ರರಕ್ಷಕನಿಗೂ, ಗಡಿಯತ್ತ ಓಡುತ್ತ ಹೆಗಲ ಮೇಲಿಂದ ಬರುವ ಚೆಂಡನ್ನು ಹಿಡಿಯುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯದು. ಎಸೆಯುವವನಿಗೂ ಇದರಿಂದ ಹೊಸ ಪಾಠವಾಯಿತು. ಆಟಗಾರ ಇರುವ ಜಾಗಕ್ಕಲ್ಲ, ಅವನು ತಲುಪಲಿರುವ ಜಾಗಕ್ಕೆ ಚೆಂಡನ್ನು ಕಳುಹಿಸಬೇಕು. ಇದು ಇಬ್ಬರ ನಡುವಿನ ಲೆಕ್ಕಾಚಾರ, ಒಬ್ಬನ ಪ್ರತಿಭೆಯಿಂದ ಆಗುವುದಲ್ಲ. ಡೊರೇ ಅವರ ಹೆಸರು ರಾಕ್ನಿಯವರ ಹೆಸರಿನ ನೆರಳಿನಲ್ಲಿ ಉಳಿದುಹೋದದ್ದು ನ್ಯಾಯವಲ್ಲ.

ಸೀಡರ್ ಪಾಯಿಂಟ್‌ನಲ್ಲಿಯೇ ಕೆಲಸ ಮಾಡುತ್ತಿದ್ದ ಬಾನಿ ಸ್ಕೈಲ್ಸ್ ಅವರ ಪರಿಚಯ ರಾಕ್ನಿಯವರಿಗೆ ಆಯಿತು. 1914ರ ಜುಲೈನಲ್ಲಿ ಇಬ್ಬರೂ ವಿವಾಹವಾದರು. ದಂಪತಿಗೆ ನಾಲ್ವರು ಮಕ್ಕಳು.

1913ರ ನವೆಂಬರ್ 1ರ ಪಂದ್ಯ

ರಾಕ್ನಿ ಆಡಿದ ಮೂರು ಋತುಗಳಲ್ಲಿ ನಾಟರ್ ಡೇಮ್ ಒಂದು ಪಂದ್ಯವನ್ನೂ ಸೋಲಲಿಲ್ಲ. 1911ರಲ್ಲಿ 6 ಜಯ ಮತ್ತು 2 ಸಮಬಲ, 1912ರಲ್ಲಿ 7 ಜಯ, 1913ರಲ್ಲಿ ಮತ್ತೆ 7 ಜಯ. ಆದರೆ ಎದುರಾಳಿಗಳಲ್ಲಿ ಹೆಚ್ಚಿನವು ನೆರೆಹೊರೆಯ ಸಣ್ಣ ಕಾಲೇಜುಗಳಾಗಿದ್ದರಿಂದ ಪೂರ್ವ ಕರಾವಳಿಯ ಪತ್ರಿಕೆಗಳು ಇದಕ್ಕೆ ಕಿಮ್ಮತ್ತು ಕೊಡುತ್ತಿರಲಿಲ್ಲ. 1913ರಲ್ಲಿ ಹೊಸ ತರಬೇತುದಾರರಾಗಿ ಬಂದ ಜೆಸ್ಸಿ ಹಾರ್ಪರ್, ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿರುವ ಸೇನಾ ಅಕಾಡೆಮಿಗೆ ಪತ್ರ ಬರೆದು ಒಂದು ಪಂದ್ಯವನ್ನು ನಿಗದಿಮಾಡಿಕೊಂಡರು. 1000 ಡಾಲರ್ ಪ್ರಯಾಣ ವೆಚ್ಚಕ್ಕೆ ಒಪ್ಪಂದವಾಯಿತು. ಸಣ್ಣದೊಂದು ತಂಡ ರೈಲು ಹತ್ತಿ ಹೊರಟಿತು. ಆ ವರ್ಷ ರಾಕ್ನಿಯೇ ನಾಯಕರು.

ಸೇನಾ ತಂಡದ ಆಟಗಾರರು ಮೈತೂಕದಲ್ಲಿ ಹೆಚ್ಚು, ಹೆಸರಿನಲ್ಲಿಯೂ ದೊಡ್ಡವರು. ಆರಂಭದ ಯತ್ನಗಳಲ್ಲಿ ನಾಟರ್ ಡೇಮ್ ಎಡವಿತು. ಆಗ ಡೊರೇ ಪಾಸ್‌ಗಳನ್ನು ಎಸೆಯತೊಡಗಿದರು. ರಾಕ್ನಿ ಮುಂದೆ ಬರೆದಿರುವ ಪ್ರಕಾರ, ಒಂದು ಯತ್ನದ ಕೊನೆಯಲ್ಲಿ ತಮಗೆ ಪೆಟ್ಟಾಯಿತೆಂದು ತೋರಿಸಿಕೊಂಡು ಅವರು ಕುಂಟತೊಡಗಿದರು. ಅವರ ಮೇಲೆ ಕಣ್ಣಿಟ್ಟಿದ್ದ ರಕ್ಷಕ ಕುಂಟುವವನ ಬಗ್ಗೆ ಗಮನ ಸಡಿಲಿಸಿದ. ಮುಂದಿನ ಯತ್ನದಲ್ಲಿ ರಾಕ್ನಿ ಹಠಾತ್ತನೆ ಪೂರ್ಣ ವೇಗದಲ್ಲಿ ಅವನನ್ನು ದಾಟಿ ಓಡಿದರು. ಡೊರೇ ಎಸೆದ ನೀಳ ಪಾಸ್ ಅವರ ಚಾಚಿದ ಕೈಗಳಿಗೆ ಬಂದು ಸೇರಿತು. ಓಟ ನಿಲ್ಲಲಿಲ್ಲ, ಗಡಿರೇಖೆ ದಾಟಿತು, ಟಚ್‌ಡೌನ್ ಆಯಿತು. ಕುಂಟಿದ್ದು ಕ್ರೀಡಾಧರ್ಮಕ್ಕೆ ಒಪ್ಪುವುದೇ ಎಂದು ಓದುಗರು ಕೇಳಬಹುದು. ಎದುರಾಳಿಯನ್ನು ಮರುಳುಗೊಳಿಸುವುದು ಆ ಆಟದ ಅಂಗವೇ ಆಗಿದ್ದರಿಂದ ಅಂದು ಯಾರೂ ಆಕ್ಷೇಪಿಸಿದಂತಿಲ್ಲ.

ಸೇನಾ ತಂಡ ಸುಮ್ಮನಾಗಲಿಲ್ಲ, ತಿರುಗಿಬಿದ್ದು 13–7ರ ಮುನ್ನಡೆ ಗಳಿಸಿತು. ಅರ್ಧವಿರಾಮದ ಹೊತ್ತಿಗೆ ನಾಟರ್ ಡೇಮ್ 14–13ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಪಾಸ್‌ಗಳಿಗೆ ಹೆದರಿದ ಸೇನಾ ರಕ್ಷಕರು ಹಿಂದಕ್ಕೂ ಅಕ್ಕಪಕ್ಕಕ್ಕೂ ಹರಡಿಕೊಂಡರು. ಮಧ್ಯಭಾಗ ತೆರವಾಯಿತು. ಆ ತೆರವಿನಲ್ಲಿ ಭಾರಿ ಮೈಕಟ್ಟಿನ ಫುಲ್‌ಬ್ಯಾಕ್ ರೇ ಐಖೆನ್‌ಲಾಬ್ ನುಗ್ಗಿಹೋದರು. ಎದುರಾಳಿ ಮಧ್ಯಕ್ಕೆ ಕೂಡಿಕೊಂಡಾಗ ಮತ್ತೆ ಪಾಸ್. ಪಂದ್ಯ 35–13ರಲ್ಲಿ ಮುಗಿಯಿತು. ಸೇನಾ ತಂಡಕ್ಕೆ ಆ ಋತುವಿನ ಏಕೈಕ ಸೋಲು ಇದು.

ಡೊರೇ 17 ಎಸೆತಗಳಲ್ಲಿ 14 ಸಫಲಗೊಳಿಸಿ 243 ಗಜ ಗಳಿಸಿದರೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಇಂದಿನಂತೆ ಪ್ರತಿ ಆಟಗಾರನ ಹಿಡಿತ, ಗಜ, ಸರಾಸರಿಗಳನ್ನು ಅಧಿಕೃತವಾಗಿ ಬರೆದಿಡುವ ಪದ್ಧತಿ ಆಗ ಇರಲಿಲ್ಲ. ಹೀಗಾಗಿ ರಾಕ್ನಿಯವರ ಹಿಡಿತಗಳನ್ನು ಇಂದಿನ ಟೈಟ್ ಎಂಡ್‌ಗಳ ಅಂಕಿಗಳ ಪಕ್ಕದಲ್ಲಿಟ್ಟು ತೂಗುವುದಕ್ಕೆ ಅರ್ಥವಿಲ್ಲ. ಆ ದಿನದ ಮಹತ್ವ ಬೇರೆ ಕಡೆ ಇದೆ. ಎಂಡ್ ಒಬ್ಬನು ಚೆಂಡು ಹಿಡಿಯಬಲ್ಲನೆಂಬ ಭಯ ಎದುರಾಳಿಗೆ ಹುಟ್ಟಿದರೆ, ಅವನು ಚೆಂಡು ಮುಟ್ಟದ ಯತ್ನಗಳಲ್ಲಿಯೂ ತಂಡಕ್ಕೆ ದಾರಿ ತೆರೆದುಕೊಳ್ಳುತ್ತದೆ. ಇಂದಿಗೂ ಟೈಟ್ ಎಂಡ್‌ನ ಬೆಲೆ ಇರುವುದು ಇದರಲ್ಲಿಯೇ. ಪೂರ್ವದ ಪತ್ರಿಕೆಗಳು ಮರುದಿನ ಈ ಪಂದ್ಯವನ್ನು ಬೆರಗಿನಿಂದ ವರ್ಣಿಸಿದವು, ಪಾಸ್ ಆಟ ಮರ್ಯಾದೆ ಪಡೆಯಿತು. ಆ ವರ್ಷದ ಕೊನೆಯಲ್ಲಿ ವಾಲ್ಟರ್ ಕ್ಯಾಂಪ್ ಪ್ರಕಟಿಸಿದ ಅಖಿಲ ಅಮೆರಿಕ ಆಯ್ಕೆಯ ಮೂರನೆಯ ತಂಡದಲ್ಲಿ ರಾಕ್ನಿಯವರ ಹೆಸರಿತ್ತು.

ಕಾಲೇಜು ಮುಗಿದ ಮೇಲೆ ಮ್ಯಾಸಿಲಾನ್ ಟೈಗರ್ಸ್ ಎಂಬ ವೃತ್ತಿಪರ ತಂಡದಲ್ಲಿ ಡೊರೇ ಜೊತೆಗೂಡಿ ಆಡಿದರು. ಅಂದಿನ ವೃತ್ತಿಪರ ಫುಟ್‌ಬಾಲ್‌ಗೆ ಹಣವೂ ಕಡಿಮೆ, ಗೌರವವೂ ಕಡಿಮೆ.

ತರಬೇತುದಾರರಾಗಿ

ರಸಾಯನಶಾಸ್ತ್ರದ ಪಾಠ, ಓಟಗಾರರ ತರಬೇತಿ, ಹಾರ್ಪರ್ ಅವರಿಗೆ ಸಹಾಯ ಈ ಮೂರನ್ನೂ ನಾಲ್ಕು ವರ್ಷ ನಿರ್ವಹಿಸಿದ ರಾಕ್ನಿ, ಹಾರ್ಪರ್ ನಿವೃತ್ತರಾದಾಗ 1918ರಲ್ಲಿ ಮುಖ್ಯ ತರಬೇತುದಾರರಾದರು. 13 ಋತುಗಳಲ್ಲಿ ಐದರಲ್ಲಿ (1919, 1920, 1924, 1929, 1930) ತಂಡ ಎಲ್ಲ ಪಂದ್ಯಗಳನ್ನೂ ಗೆದ್ದಿತು. 1924, 1929 ಮತ್ತು 1930ರಲ್ಲಿ ರಾಷ್ಟ್ರೀಯ ಚಾಂಪಿಯನ್ ಎಂಬ ಮನ್ನಣೆ ದೊರೆಯಿತು. 1924ರ ತಂಡದ ಸ್ಟೂಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್ ಎಂಬ ನಾಲ್ವರು 'ನಾಲ್ಕು ಕುದುರೆ ಸವಾರರು' ಎಂದು ಪ್ರಸಿದ್ಧರಾದರು. ಬೈಬಲ್ಲಿನ ಪ್ರಳಯದೂತರಿಗೆ ಹೋಲಿಸಿ ಆ ಹೆಸರನ್ನು ಕೊಟ್ಟವರು ಪತ್ರಕರ್ತ ಗ್ರಾಂಟ್‌ಲ್ಯಾಂಡ್ ರೈಸ್. ಮೈದಾನವಿಡೀ ಸುತ್ತುವ ಪ್ರವಾಸಗಳಿಂದ, ರೇಡಿಯೋ ಪ್ರಸಾರದಿಂದ, ನಾಟರ್ ಡೇಮ್‌ನ ಹೊಸ್ತಿಲನ್ನೂ ತುಳಿಯದ ಲಕ್ಷಾಂತರ ಐರಿಷ್, ಪೋಲಿಷ್, ಇಟಾಲಿಯನ್ ವಲಸಿಗರು ಈ ತಂಡದ ಅಭಿಮಾನಿಗಳಾದರು. ಕ್ಯಾಥೊಲಿಕ್ ವಲಸಿಗರ ವಿರುದ್ಧ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಇಂಡಿಯಾನಾದಲ್ಲಿ ಪ್ರಬಲವಾಗಿದ್ದ ಕಾಲವದು. 1924ರ ಮೇ ತಿಂಗಳಲ್ಲಿ ಸೌತ್ ಬೆಂಡ್‌ನ ಬೀದಿಗಳಲ್ಲಿ ನಾಟರ್ ಡೇಮ್ ವಿದ್ಯಾರ್ಥಿಗಳಿಗೂ ಕ್ಲಾನ್ ಸದಸ್ಯರಿಗೂ ಘರ್ಷಣೆ ನಡೆದಿತ್ತು. ಆ ವರ್ಷದ ಗೆಲುವುಗಳು ಆ ಜನರಿಗೆ ಆಟಕ್ಕಿಂತ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ರಾಕ್ನಿ ಮಾತಿನ ಮಲ್ಲರು. ಆಟಗಾರರನ್ನು ಹುರಿದುಂಬಿಸಲು ಸುಳ್ಳು ಹೇಳುವುದಕ್ಕೂ ಹಿಂಜರಿಯುತ್ತಿರಲಿಲ್ಲ. 1922ರಲ್ಲಿ ಅಟ್ಲಾಂಟಾದಲ್ಲಿ ಜಾರ್ಜಿಯಾ ಟೆಕ್ ವಿರುದ್ಧದ ಪಂದ್ಯಕ್ಕೆ ಮುನ್ನ, ತಮ್ಮ ಪುಟ್ಟ ಮಗ ಆಸ್ಪತ್ರೆಯಲ್ಲಿದ್ದಾನೆಂದು ತಂಡಕ್ಕೆ ಹೇಳಿದರು. ಗೆದ್ದು ಊರಿಗೆ ಮರಳಿದ ಆಟಗಾರರನ್ನು ನಿಲ್ದಾಣದಲ್ಲಿ ಎದುರುಗೊಂಡವರಲ್ಲಿ ಆ ಮಗು ಆರೋಗ್ಯವಾಗಿ ನಲಿಯುತ್ತಿತ್ತು. ಆದ್ದರಿಂದ ಅವರ ಅತಿ ಪ್ರಸಿದ್ಧ ಭಾಷಣವನ್ನೂ ಚರಿತ್ರಕಾರರು ಸಂಶಯದಿಂದಲೇ ನೋಡುತ್ತಾರೆ. ತಂಡದ ಶ್ರೇಷ್ಠ ಆಟಗಾರ ಜಾರ್ಜ್ ಗಿಪ್ 1920ರ ಡಿಸೆಂಬರ್‌ನಲ್ಲಿ ಗಂಟಲಿನ ಸೋಂಕು ಉಲ್ಬಣಿಸಿ 25ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಎಂಟು ವರ್ಷಗಳ ನಂತರ, 1928ರ ನವೆಂಬರ್ 10ರಂದು ಸೇನಾ ತಂಡದ ವಿರುದ್ಧದ ಪಂದ್ಯದಲ್ಲಿ, ಗಿಪ್ ಸಾಯುವ ಮುನ್ನ ತಮ್ಮಲ್ಲಿ ಕೋರಿದ ಕೊನೆಯ ಆಸೆಯೆಂದು ಹೇಳಿ ರಾಕ್ನಿ ತಂಡವನ್ನು ಗೆಲುವಿಗೆ ಪ್ರೇರೇಪಿಸಿದರು. ನಾಟರ್ ಡೇಮ್ 12–6ರಿಂದ ಗೆದ್ದಿತು. ಗಿಪ್ ಹಾಗೆ ಕೋರಿದ್ದಕ್ಕೆ ರಾಕ್ನಿಯವರ ಮಾತಿನ ಹೊರತು ಬೇರೆ ಆಧಾರವಿಲ್ಲ.

ಅವರ ಅತಿ ಮುಜುಗರದ ಸೋಲು ಬಂದದ್ದು 1926ರಲ್ಲಿ. ಕಾರ್ನೆಗಿ ಟೆಕ್ ದುರ್ಬಲ ತಂಡವೆಂದು ಭಾವಿಸಿ, ಪಂದ್ಯವನ್ನು ಸಹಾಯಕರಿಗೆ ವಹಿಸಿ, ತಾವು ಷಿಕಾಗೋದಲ್ಲಿ ಸೇನೆ ಮತ್ತು ನೌಕಾಪಡೆಯ ತಂಡಗಳ ಪಂದ್ಯ ನೋಡಲು ಹೋಗಿದ್ದರು. ನಾಟರ್ ಡೇಮ್ 0–19ರಿಂದ ಸೋತಿತು.

1929ರಲ್ಲಿ ಕಾಲಿನ ರಕ್ತನಾಳದ ಉರಿಯೂತದಿಂದ ನಡೆದಾಡಲಾಗದೆ ಗಾಲಿಕುರ್ಚಿಯಲ್ಲಿ ಕುಳಿತೇ ತರಬೇತಿ ನೀಡಿದರು. ಹೊಸ ಕ್ರೀಡಾಂಗಣ ಕಟ್ಟುತ್ತಿದ್ದ ಕಾರಣ ಆ ವರ್ಷ ತವರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ. ಎಲ್ಲ ಒಂಬತ್ತನ್ನೂ ತಂಡ ಹೊರಗೆ ಆಡಿ ಗೆದ್ದಿತು. ಹೊಸ ಕ್ರೀಡಾಂಗಣ 1930ರಲ್ಲಿ ತೆರೆಯಿತು. ಅಲ್ಲಿ ರಾಕ್ನಿ ಒಂದೇ ಋತು ಕಂಡರು.

ಮರಣ

1931ರ ಮಾರ್ಚ್ 31ರಂದು ಚಲನಚಿತ್ರವೊಂದರ ಸಂಬಂಧವಾಗಿ ಲಾಸ್ ಏಂಜಲಿಸ್‌ಗೆ ಹೊರಟಿದ್ದ ರಾಕ್ನಿ, ಕಾನ್ಸಾಸ್ ಸಿಟಿಯಲ್ಲಿ ವಿಮಾನ ಹತ್ತಿದರು. ಕಾನ್ಸಾಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಬಳಿ ಆ ಫೋಕರ್ ವಿಮಾನದ ರೆಕ್ಕೆ ಆಕಾಶದಲ್ಲಿಯೇ ಕಳಚಿ, ಅದು ಹುಲ್ಲುಗಾವಲಿಗೆ ಅಪ್ಪಳಿಸಿತು. ವಿಮಾನದಲ್ಲಿದ್ದ ಎಂಟೂ ಮಂದಿ ಮೃತರಾದರು. ರಾಕ್ನಿಯವರಿಗೆ 43 ವರ್ಷ.

ವಿಮಾನದ ರೆಕ್ಕೆ ಮರದ್ದು. ತೇವಾಂಶದಿಂದ ಒಳಗಿನ ಅಂಟು ಸಡಿಲಗೊಂಡು ಅದು ಮುರಿದಿರಬೇಕೆಂದು ತನಿಖೆ ಕಂಡುಕೊಂಡಿತು. ಅದುವರೆಗೆ ವಿಮಾನ ಅಪಘಾತಗಳ ತನಿಖಾ ವಿವರಗಳನ್ನು ಸರ್ಕಾರ ಬಹಿರಂಗಪಡಿಸುತ್ತಿರಲಿಲ್ಲ. ಸತ್ತವರಲ್ಲಿ ದೇಶವೇ ಬಲ್ಲ ವ್ಯಕ್ತಿಯೊಬ್ಬರಿದ್ದ ಕಾರಣ ಜನಾಭಿಪ್ರಾಯದ ಒತ್ತಡ ಹೆಚ್ಚಿ ಆ ನೀತಿ ಬದಲಾಯಿತು. ಮರದ ರೆಕ್ಕೆಯ ವಿಮಾನಗಳ ಮೇಲೆ ಕಟ್ಟುನಿಟ್ಟಿನ ತಪಾಸಣೆ ಬಂತು, ಪ್ರಯಾಣಿಕರ ನಂಬಿಕೆಯೂ ಹೋಯಿತು. ಅಪಘಾತಕ್ಕೀಡಾದ ವಿಮಾನದ ಸಂಸ್ಥೆಯಾದ ಟಿ.ಡಬ್ಲ್ಯು.ಎ. 1932ರಲ್ಲಿ ಪೂರ್ಣ ಲೋಹದ ವಿಮಾನಕ್ಕಾಗಿ ತಯಾರಕರನ್ನು ಕೋರಿತು. ಡಗ್ಲಸ್ ಸಂಸ್ಥೆ ಕೊಟ್ಟ ಉತ್ತರ ಡಿ.ಸಿ.-1. ಅದರಿಂದ ಬೆಳೆದ ಡಿ.ಸಿ.-3 ಭಾರತದಲ್ಲಿಯೂ ಡಕೋಟಾ ಎಂಬ ಹೆಸರಿನಿಂದ ದಶಕಗಳ ಕಾಲ ಹಾರಿತು. ಗಡಗಡ ಸದ್ದಿನ ಹಳೆಯ ವಾಹನವನ್ನು ಕನ್ನಡಿಗರು ಇಂದಿಗೂ ಡಕೋಟಾ ಎನ್ನುವುದುಂಟು.

ರಾಕ್ನಿಯವರ ಅಂತ್ಯಕ್ರಿಯೆ ಏಪ್ರಿಲ್ 4ರಂದು ನಾಟರ್ ಡೇಮ್‌ನ ಚರ್ಚಿನಲ್ಲಿ ನಡೆದು ರೇಡಿಯೋದಲ್ಲಿ ದೇಶಾದ್ಯಂತ ಪ್ರಸಾರವಾಯಿತು. ಜನ್ಮಭೂಮಿಯ ದೊರೆ, ನಾರ್ವೆಯ ಏಳನೆಯ ಹಾಕನ್, ತಮ್ಮ ಪ್ರತಿನಿಧಿಯನ್ನು ಕಳುಹಿಸಿದರು. ಅಂದು ಅವರನ್ನು ಸೌತ್ ಬೆಂಡ್‌ನ ಹೈಲ್ಯಾಂಡ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಗೌರವಗಳು

ಸ್ಟುಡಿಬೇಕರ್ ಕಾರ್ಖಾನೆ 1930ರ ದಶಕದ ಆರಂಭದಲ್ಲಿ 'ರಾಕ್ನಿ' ಹೆಸರಿನ ಕಾರನ್ನು ಮಾರುಕಟ್ಟೆಗೆ ತಂದಿತು. ಆರ್ಥಿಕ ಕುಸಿತದ ದಿನಗಳಾದ್ದರಿಂದ ಅದು ಬೇಗನೆ ನಿಂತುಹೋಯಿತು. 1940ರಲ್ಲಿ ಅವರ ಜೀವನವನ್ನು ಆಧರಿಸಿದ ಚಲನಚಿತ್ರದಲ್ಲಿ ಪ್ಯಾಟ್ ಓ'ಬ್ರಯನ್ ರಾಕ್ನಿಯಾಗಿಯೂ, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಗಿಪ್ ಆಗಿಯೂ ನಟಿಸಿದರು. 1951ರಲ್ಲಿ ಕಾಲೇಜು ಫುಟ್‌ಬಾಲ್ ಕೀರ್ತಿಭವನದ ಮೊದಲ ಸಾಲಿನ ಸದಸ್ಯರಲ್ಲಿ ರಾಕ್ನಿ ಸೇರ್ಪಡೆಯಾದರು. ಜನ್ಮಶತಾಬ್ದಿಯ ವರ್ಷವಾದ 1988ರಲ್ಲಿ ಅಂಚೆಚೀಟಿ ಹೊರಬಂದಾಗ ನಾಟರ್ ಡೇಮ್‌ಗೆ ಬಂದು ಮಾತನಾಡಿದವರು ಅದೇ ರೇಗನ್. ಯೌವನದಲ್ಲಿ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿದ ವ್ಯಕ್ತಿಗೆ ಸಂದ ಗೌರವವಿದು.

ಬಜಾರ್ ಬಳಿಯ ಹುಲ್ಲುಗಾವಲಿನಲ್ಲಿ, ವಿಮಾನ ಬಿದ್ದ ಜಾಗದಲ್ಲಿ, ಮೃತರಾದ ಎಂಟೂ ಮಂದಿಯ ಹೆಸರುಗಳನ್ನು ಕೆತ್ತಿದ ಕಲ್ಲಿನ ಸ್ಮಾರಕವಿದೆ.